ಯಾರೆಂದು ಕೇಳಿ, ಆಮೇಲೆ ಚಿಲಕ ಮುಟ್ಟಿ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಅಮೆರಿಕದ ಜಾರ್ಜಿಯಾ ರಾಜ್ಯದ ಈ ಕೋಳಿ ಕಾರ್ಖಾನೆಯ ಊರಿನಲ್ಲಿ, ಟ್ರೇಲರ್ ಮನೆಗಳ ಬಾಗಿಲು ತಟ್ಟುವ ಸದ್ದು ಹೆಚ್ಚು. ಯೇಸು ಹುಟ್ಟುವ ಮುನ್ನ ಮರಿಯಳೂ ಜೋಸೆಫನೂ ತಂಗಲು ಜಾಗ ಕೇಳುತ್ತ ಅಲೆದದ್ದನ್ನು ನೆನೆದು ಜನ ಗುಂಪುಕಟ್ಟಿ ಹಾಡುತ್ತ ಬರುತ್ತಾರೆ. ಮನೆಯವರು ಒಳಗೆ ಕರೆದು, ಹಣ್ಣು ಕುದಿಸಿದ ಬಿಸಿ ಪಾನಕ ಕೊಟ್ಟು, ಮೆಕ್ಕೆಜೋಳದ ಸಿಪ್ಪೆಗೆ ಹಿಟ್ಟು ಹಚ್ಚಿ ಬೇಯಿಸಿದ ತಮಾಲೆ ಬಡಿಸುತ್ತಾರೆ. ಮೆಕ್ಸಿಕೋ ಬಿಟ್ಟು ಅಮೆರಿಕಕ್ಕೆ ಬರುವಾಗ ಪೆತ್ರೋನಿಲಾ ಏನೇನನ್ನೋ ಬಿಟ್ಟುಬಂದಳು. ಈ ಪದ್ಧತಿಯನ್ನು ಮಾತ್ರ ಬಿಡಲಿಲ್ಲ.

ಈ ಸಲ ಮಾತ್ರ ಯಾರು ತಟ್ಟಿದರೂ ಮನೆಯವರು ಹೆದರುತ್ತಿದ್ದರು. ಹಿಂದಿನ ವಾರ ಎದುರು ಮನೆಯ ಎಲ್ವೀರಾ, ಹಾಡುವವರು ಬಂದರೆಂದುಕೊಂಡು, ಪಾನಕದ ಲೋಟ ಹಿಡಿದೇ ಬಾಗಿಲು ತೆರೆದಿದ್ದಳು. ನಿಂತಿದ್ದವರು ವಲಸೆ ಅಧಿಕಾರಿಗಳು. ಯಾರದೋ ಫೋಟೋ ತೋರಿಸಿ, ಇವನನ್ನು ಹುಡುಕುತ್ತಿದ್ದೇವೆ, ಒಳಗೆ ಬರಬಹುದೇ ಎಂದು ನಯವಾಗಿ ಕೇಳಿದರು. ಹಬ್ಬದ ದಿನ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಲಾದೀತೇ? ಬನ್ನಿ ಎಂದಳು. ಹೋಗುವಾಗ ಅವರು ಅವಳ ಗಂಡನನ್ನೇ ಕರೆದುಕೊಂಡು ಹೋದರು. ಈಗ ಎಲ್ವೀರಾ ಯಾರು ಸಿಕ್ಕರೂ ಒಂದೇ ಮಾತು ಹೇಳಿ ಅಳುತ್ತಾಳೆ, ನಾನೇ ಕರೆದೆ, ನಾನೇ ಕರೆದೆ ಎಂದು.

ಪೆತ್ರೋನಿಲಾಳ ಮಗ ಅನ್ಸೆಲ್ಮೊಗೂ ಈ ದೇಶದಲ್ಲಿರಲು ಬೇಕಾದ ಕಾಗದಪತ್ರ ಇಲ್ಲ. ರಾತ್ರಿ ಪಾಳಿಯಲ್ಲಿ ಕಾರ್ಖಾನೆಯ ಯಂತ್ರ ತೊಳೆಯುತ್ತಾನೆ, ಹಗಲು ಮಲಗುತ್ತಾನೆ. ಸೊಸೆ ನಿಕೊಲಾಸಾ ಹಗಲು ಪಾಳಿ. ಮೊಮ್ಮಗಳು ಶಾಲೆಗೆ ಹೋದರೆ ಮನೆಯಲ್ಲಿ ಎಚ್ಚರವಾಗಿ ಇರುವವಳು ಮುದುಕಿಯೊಬ್ಬಳೇ. ನಿಕೊಲಾಸಾಗೆ ಅದೇ ದಿಗಿಲು. ಅತ್ತೆ ಬಾಗಿಲು ತೆರೆದುಬಿಟ್ಟರೆ ಗತಿಯೇನು?

ಅದಕ್ಕೇ ಒಂದು ಭಾನುವಾರ ಅವಳು ಒಡೆಸ್ಸಾಳನ್ನು ಮನೆಗೆ ಕರೆತಂದಳು. ಒಡೆಸ್ಸಾ ಕರಿಯರ ಚರ್ಚಿನ ಹಿರಿಯಳು. ಮೊದಲು ಕಾರ್ಖಾನೆಯಲ್ಲಿ ನಿಕೊಲಾಸಾಳ ಪಕ್ಕವೇ ನಿಂತು ಕೋಳಿ ಕತ್ತರಿಸುತ್ತ ಸ್ಪ್ಯಾನಿಷ್ ಕಲಿತಿದ್ದಳು, ಈಗ ಕೆಲಸ ಬಿಟ್ಟಿದ್ದಳು. ಅವಳ ಚರ್ಚೂ ಇವರ ಚರ್ಚೂ ಸೇರಿ ಒಂದು ತಂಡ ಕಟ್ಟಿದ್ದವು. ಯಾರ ಮನೆಗೆ ಅಧಿಕಾರಿಗಳು ಬಂದರೂ ಆ ತಂಡಕ್ಕೆ ಫೋನ್ ಮಾಡಬಹುದಿತ್ತು.

ಪೆತ್ರೋನಿಲಾ ಮುಖ ಊದಿಸಿಕೊಂಡಳು. ಕರಿಯರನ್ನು ನಂಬಬೇಡ ಎಂದು ಬಂದ ಹೊಸದರಲ್ಲೇ ಯಾರೋ ಕಿವಿಯೂದಿದ್ದರು, ಅವಳೂ ನಂಬಿದ್ದಳು. ಒಡೆಸ್ಸಾ ಅದನ್ನು ಗಮನಿಸಿಯೂ ಗಮನಿಸದವಳಂತೆ ಕೈತೊಳೆದು, ತಮಾಲೆಯ ಹಿಟ್ಟು ಹಚ್ಚಲು ಕುಳಿತಳು.

"ಹಿಟ್ಟು ದಪ್ಪ ಆಯ್ತು," ಎಂದಳು ಪೆತ್ರೋನಿಲಾ.

"ತೆಳ್ಳಗೆ ಮಾಡ್ತೀನಿ ಅಕ್ಕ. ನಿಮ್ಮೋರು ನಮ್ಮ ಕೆಲಸ ಕಿತ್ಕೋತಾರೆ ಅಂತ ನಮಗೆ ಹೇಳಿಕೊಟ್ಟಿದ್ರು. ನಮ್ಮ ಬಗ್ಗೆ ನಿಮಗೇನು ಹೇಳಿಕೊಟ್ರು?"

ಪೆತ್ರೋನಿಲಾ ಹಿಟ್ಟಿನ ಪಾತ್ರೆಯನ್ನು ಅವಳತ್ತ ಸರಿಸಿದಳು. ಕಿವಿ ಬಿಸಿಯಾಗಿತ್ತು.

ಒಡೆಸ್ಸಾ ಬಂದ ವಿಷಯ ಹೇಳಿದಳು. ಯಾರು ತಟ್ಟಿದರೂ ಬಾಗಿಲು ಮುಚ್ಚಿಯೇ ಯಾರೆಂದು ಕೇಳಬೇಕು. ಕೋರ್ಟಿನ ನ್ಯಾಯಾಧೀಶರು ಸಹಿ ಮಾಡಿದ ಆದೇಶವಿದ್ದರೆ ಕಿಟಕಿ ಗಾಜಿಗೆ ಹಿಡಿಯಿರಿ ಎನ್ನಬೇಕು. ವಲಸೆ ಇಲಾಖೆಯವರು ತಾವೇ ಸಹಿ ಹಾಕಿಕೊಂಡು ತಂದ ಕಾಗದಕ್ಕೆ ಬಾಗಿಲು ತೆರೆಯಬೇಕಾಗಿಲ್ಲ. ಸುಳ್ಳು ಹೇಳಬಾರದು, ಓಡಬಾರದು. ಸುಮ್ಮನಿರುವ ಹಕ್ಕು ಎಲ್ಲರಿಗೂ ಇದೆ, ಕಾಗದಪತ್ರ ಇಲ್ಲದವರಿಗೂ. ವಕೀಲರನ್ನು ಕೇಳದೆ ಯಾವುದಕ್ಕೂ ಸಹಿ ಹಾಕಬಾರದು.

ಪೆತ್ರೋನಿಲಾ ಚಮಚ ಕುಕ್ಕಿದಳು. "ಬಾಗಿಲಿಗೆ ಬಂದೋರನ್ನ ಹೊರಗೆ ನಿಲ್ಲಿಸೋದಾ? ಅದೂ ಈ ದಿನಗಳಲ್ಲಿ? ಮರಿಯ ತಾಯಿಗೆ ಬಾಗಿಲು ಹಾಕಿದೋರ ಸಾಲಿಗೆ ನನ್ನನ್ನೂ ಸೇರಿಸ್ತೀರಾ?"

"ಅದೇ ಮರಿಯ ತಾಯಿ, ಮಗನ್ನ ಕೊಲ್ಲೋಕೆ ಹುಡುಕ್ಕೊಂಡು ಬಂದ ರಾಜನ ಸೈನಿಕರಿಗೆ ಬಾಗಿಲು ತೆಗೆದಳಾ, ಅಕ್ಕ? ಮಗು ಎತ್ಕೊಂಡು ಗಡಿ ದಾಟಿ ಈಜಿಪ್ಟಿಗೆ ಹೋದಳಲ್ವಾ?"

ಪೆತ್ರೋನಿಲಾ ಚಮಚ ಮತ್ತೆ ಎತ್ತಿಕೊಂಡಳು. ಸೋಲೊಪ್ಪುವ ಹೆಂಗಸಲ್ಲ. ಅದೆಲ್ಲ ಸರಿ, ಇದು ನಮ್ಮ ಕಷ್ಟ, ನಿಮಗ್ಯಾಕೆ ಈ ಉಸಾಬರಿ ಎಂದು ಕೇಳಿಯೇಬಿಟ್ಟಳು. ನಿಕೊಲಾಸಾ ನಾಚಿಕೆಯಿಂದ ತಲೆ ತಗ್ಗಿಸಿದಳು.

ಒಡೆಸ್ಸಾ ಹಚ್ಚಿದ ತಮಾಲೆಯನ್ನು ಮಡಿಸಿಟ್ಟಳು. "ನಮ್ಮಪ್ಪ ಇದೇ ಊರಲ್ಲಿ ಹುಟ್ಟಿದೋನು. ಕಾಗದಪತ್ರ ಎಲ್ಲ ಸರಿ ಇತ್ತು. ಮೈಬಣ್ಣ ನೋಡಿ ಬೀದೀಲಿ ಹಿಡಿದು ಮಂಡಿಯೂರಿಸಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಂಗಡಿಗಳ ಗಾಜಿನ ಹಿಂದೆ ನಿಂತು ನೋಡ್ತಿದ್ದೋರೆಲ್ಲ ಭಾನುವಾರ ಚರ್ಚಿಗೆ ಹೋಗೋ ಜನ. ಒಬ್ರೂ ಹೊರಗೆ ಬರಲಿಲ್ಲ, ಅಕ್ಕ. ನಾನು ಹೊರಗೆ ಬರ್ತೀನಿ."

ಪೆತ್ರೋನಿಲಾ ಎದ್ದು ಅವಳಿಗೆ ಪಾನಕ ತಂದುಕೊಟ್ಟಳು. ಆದರೂ ಬಾಗಿಲಿನ ವಿಷಯದಲ್ಲಿ ಮನಸ್ಸು ಪೂರ್ತಿ ಒಪ್ಪಿರಲಿಲ್ಲ.

ಎರಡು ದಿನ ಕಳೆದ ಮೇಲೆ, ಬೆಳಗಿನ ಹೊತ್ತು, ಬಾಗಿಲು ತಟ್ಟಿದ ಸದ್ದಾಯಿತು. ಅನ್ಸೆಲ್ಮೊ ಒಳಕೋಣೆಯಲ್ಲಿ ಗಾಢ ನಿದ್ದೆಯಲ್ಲಿದ್ದ. ಪೆತ್ರೋನಿಲಾಳ ಕೈ ತಾನಾಗಿಯೇ ಚಿಲಕಕ್ಕೆ ಹೋಯಿತು. ಆಗ ಲೋಟ ಹಿಡಿದ ಎಲ್ವೀರಾ ಕಣ್ಣಮುಂದೆ ಬಂದಳು. ಕೈಯನ್ನು ಹಿಂದಕ್ಕೆಳೆದುಕೊಂಡು, ಯಾರು ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಕೇಳಿದಳು.

"ಪೊಲೀಸರು, ಅಜ್ಜಿ. ಒಬ್ಬನನ್ನ ಹುಡುಕ್ತಿದ್ದೀವಿ. ಹೊರಗೆ ಚಳಿ. ಒಳಗೆ ಬಂದು ಎರಡು ಮಾತಾಡಿ ಹೋಗ್ತೀವಿ."

ಅವಳೂರಿನ ಹುಡುಗರು ಮಾತಾಡುವಂಥದೇ ಸ್ಪ್ಯಾನಿಷ್. ಚಳಿ ಎಂದು ಅವನು ಅಂದದ್ದೇ ತಡ, ಅವಳ ಕರುಳು ಚುರುಕ್ಕೆಂದಿತು. ನ್ಯಾಯಾಧೀಶರ ಸಹಿ ಇದ್ದರೆ ಕಿಟಕಿಗೆ ಹಿಡಿಯಪ್ಪ ಎಂದಳು. ಅವನೊಂದು ಕಾಗದ ಹಿಡಿದ. ಇಂಗ್ಲಿಷಿನಲ್ಲಿತ್ತು, ಅವಳಿಗೆ ಓದಲು ಬಾರದು. ಫೋನಿನಲ್ಲಿ ಅದರ ಚಿತ್ರ ತೆಗೆದು ತಂಡಕ್ಕೆ ಕಳಿಸಿದಳು. ಮೊದಲನೆಯ ಚಿತ್ರದಲ್ಲಿ ಅವಳ ಹೆಬ್ಬೆರಳೇ ಬಂತು, ಇನ್ನೊಂದು ತೆಗೆಯಬೇಕಾಯಿತು.

ಕೂಡಲೇ ಒಡೆಸ್ಸಾ ಫೋನ್ ಮಾಡಿದಳು. "ಇದರಲ್ಲಿ ಜಡ್ಜ್ ಸಹಿ ಇಲ್ಲ ಅಕ್ಕ. ತೆಗೀಬೇಡಿ. ಬರ್ತಾ ಇದ್ದೀವಿ."

ಹೊರಗಿನವನ ದನಿ ಗಡುಸಾಯಿತು. ತೆರೆಯದಿದ್ದರೆ ನಿಮಗೇ ತೊಂದರೆ ಎಂದ. ಬಾಗಿಲನ್ನು ಮತ್ತೆ ಮತ್ತೆ ಗುದ್ದಿದ. ಎಚ್ಚೆತ್ತ ಅನ್ಸೆಲ್ಮೊ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಹಿಂಬದಿಯ ಕಿಟಕಿಯತ್ತ ಅವನು ನೋಡಿದಾಗ ಪೆತ್ರೋನಿಲಾ ಬೇಡವೆಂದು ತಲೆಯಾಡಿಸಿದಳು. ತಾಯಿ ಮಗ ಇಬ್ಬರೂ ನಿಂತಲ್ಲೇ ನಿಂತರು. ಆ ಬಾಗಿಲಾದರೂ ಎಂಥದು, ತಗಡಿನ ಹಾಳೆ. ಒಂದು ಒದೆಗೂ ಸಾಲದು.

ಆಗ ಹೊರಗೆ ಕಾರುಗಳು ನಿಂತ ಸದ್ದಾಯಿತು. ಕಿಟಕಿಯ ಸಂದಿನಲ್ಲಿ ನೋಡಿದರೆ ಒಡೆಸ್ಸಾ, ಅವಳ ಚರ್ಚಿನ ಹೆಂಗಸರು, ಇವರ ಪಾದ್ರಿ, ಜೊತೆಗೆ ಎಲ್ವೀರಾ. ಯಾರೂ ಕೂಗಾಡಲಿಲ್ಲ, ಅಧಿಕಾರಿಗಳಿಗೆ ಅಡ್ಡ ಹೋಗಲಿಲ್ಲ. ದೂರದಲ್ಲಿ ಸಾಲಾಗಿ ನಿಂತು, ಫೋನ್ ಹಿಡಿದು, ನಡೆಯುವುದನ್ನೆಲ್ಲ ಚಿತ್ರೀಕರಿಸಿಕೊಂಡರು. ಅಧಿಕಾರಿಗಳು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು, ಇನ್ನೂ ಸ್ವಲ್ಪ ಹೊತ್ತು ಕಾದು, ಹೊರಟುಹೋದರು.

ಗೆದ್ದೆವೆಂದು ಯಾರಿಗೂ ಅನಿಸಲಿಲ್ಲ. ಅವರು ನಾಳೆ ಬರಬಹುದು, ದಾರಿಯಲ್ಲೇ ಹಿಡಿಯಬಹುದು. ರಾತ್ರಿ ಪಾಳಿಗೆ ಹೋಗಲೇಬೇಕಾದ ಅನ್ಸೆಲ್ಮೊನನ್ನು ಒಡೆಸ್ಸಾ ತನ್ನ ಕಾರಿನಲ್ಲಿ ಕರೆದೊಯ್ದಳು. ಮಗ ಮನೆಗೆ ಮರಳುವವರೆಗೆ ಪೆತ್ರೋನಿಲಾ ಒಂದು ತುತ್ತೂ ಉಣ್ಣಲಿಲ್ಲ.

ಮಾರನೆಯ ದಿನ ಅವಳೇ ಶಾಲು ಹೊದ್ದು ಹೊರಟಳು. ತುದಿಯ ಟ್ರೇಲರಿನಲ್ಲಿ ಹೈಟಿಯಿಂದ ಹೊಸದಾಗಿ ಬಂದ ಸಂಸಾರವೊಂದಿತ್ತು. ಅವರ ಭಾಷೆ ಬಲ್ಲವಳಾದ, ಎಲ್ವೀರಾಳ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿ ಬಾಗಿಲು ತಟ್ಟಿದಳು. ಒಳಗೆ ಕೂಸು ಅಳುತ್ತಿದ್ದದ್ದು ತಟ್ಟನೆ ನಿಂತಿತು, ಯಾರೋ ಬಾಯಿ ಮುಚ್ಚಿದ ಹಾಗೆ. ಪೆತ್ರೋನಿಲಾಗೆ ಅಳು ಬಂತು.

"ತೆಗೀಬೇಡ ಮಗಳೇ," ಎಂದಳು ಬಾಗಿಲಿಗೆ. "ನಾನು ಹೊರಗೇ ನಿಂತು ಹೇಳ್ತೀನಿ. ನೀನು ಒಳಗಿಂದಾನೇ ಕೇಳಿಸ್ಕೊ."

ಚಳಿಯಲ್ಲಿ ನಿಂತು, ಒಡೆಸ್ಸಾ ಹೇಳಿಕೊಟ್ಟದ್ದನ್ನೆಲ್ಲ ಹೇಳಿದಳು. ತಂದಿದ್ದ ತಮಾಲೆಯ ಗಂಟನ್ನು ಮೆಟ್ಟಿಲ ಮೇಲಿಟ್ಟು ಮುಂದಿನ ಮನೆಗೆ ನಡೆದಳು.

ಓದುತ್ತಿರುವ ನೀವು ಬೇರೆ ನೆಲದಿಂದ ಬಂದವರಾದರೆ, ಪೆತ್ರೋನಿಲಾ ಹೇಳಿದ್ದನ್ನು ಇವತ್ತೇ ಮನೆಯವರಿಗೆಲ್ಲ ಹೇಳಿ, ವಯಸ್ಸಾದವರಿಗೆ ಮೊದಲು ಹೇಳಿ. ನಿಮ್ಮೂರಿನಲ್ಲೂ ಇಂಥ ತಂಡವಿದ್ದರೆ ಅದರ ನಂಬರನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ನೀವು ಇಲ್ಲಿಯವರೇ ಆಗಿದ್ದು, ಯಾರ ಭಯವೂ ಇಲ್ಲದೆ ಭಾನುವಾರ ಚರ್ಚಿಗೆ ಹೋಗುವವರಾದರೆ, ನಿಮ್ಮನ್ನು ಕೇಳುವುದು ಇಷ್ಟೇ: ಪಕ್ಕದ ಮನೆಯ ಬಾಗಿಲು ಗುದ್ದುವ ಸದ್ದು ಕೇಳಿದಾಗ ಪರದೆ ಎಳೆದುಕೊಳ್ಳಬೇಡಿ. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಬನ್ನಿ.