ಯಂತ್ರವಾದಿಯೂ ಕೋಟಿನ ಗುಂಡಿಯೂ

ದೊಡ್ಡಮ್ಮ ಫ್ರಿಜ್ ರಿಪೇರಿ ಅಂಗಡಿಗೆ ಬಂದದ್ದು ಆಟವಾಡಲಿಕ್ಕಲ್ಲ, ಒಂದು ಗುಂಡಿ ಕೇಳಲಿಕ್ಕೆ. ತೀರಿಕೊಂಡ ಗಂಡನ ಕರಿ ಕೋಟು ಮನೆಯ ಗೂಟದಲ್ಲಿ ತೂಗುತ್ತಿತ್ತು. ಅದರ ನಡುವಿನ ಗುಂಡಿ ಮಾತ್ರ ಈ ಅಂಗಡಿಯ ಹಿಂದಿನ ಕೋಣೆಯಲ್ಲಿ, ರಟ್ಟಿನ ಮೇಲೆ ಬರೆದ ರಾಜ್ಯದೊಳಗೆ, ಗಂಡ ಆಡುತ್ತಿದ್ದ ಮುದಿ ಯೋಧನಾಗಿ ನಿಂತಿತ್ತು. ಭಾನುವಾರ ಮಧ್ಯಾಹ್ನ ಇಲ್ಲಿ ಒಬ್ಬ ಕಥೆ ಹೇಳುವುದು, ಉಳಿದವರು ದಾಳ ಉರುಳಿಸಿ ಅದರೊಳಗೆ ಯೋಧನೋ ರಾಜಕುಮಾರನೋ ಆಗಿ ಮೆರೆಯುವುದು ರೂಢಿ.

ಆ ಗುಂಡಿಯನ್ನು ಕೋಟಿಗೆ ಹೊಲಿದಿಡಬೇಕೆಂದು ದೊಡ್ಡಮ್ಮನ ಆಸೆ. ಆದರೆ ಆಟದ ಕಟ್ಟಳೆ ಎರಡು, ಎರಡೂ ಗಂಡನೇ ಮಾಡಿದ್ದು. ಗುಂಡಿ ರಟ್ಟಿನಿಂದ ಎದ್ದರೆ ಯೋಧ ಸತ್ತಂತೆ. ಕಥೆಗಾರ ಆಡಿದ ಮಾತು ಆಡಿದ್ದೇ, ತಿದ್ದುವಂತಿಲ್ಲ. ಒಮ್ಮೆ ಮಣ್ಣು ಮಾಡಿ ಬಂದವರನ್ನು ಇನ್ನೊಮ್ಮೆ ಸಾಯಿಸಿ ಎನ್ನಲು ದೊಡ್ಡಮ್ಮನಿಗೆ ಬಾಯಿ ಬರಲಿಲ್ಲ. ದೇವರ ಹೆಸರು ಹೇಳಿಕೊಂಡು ಗಂಡನ ಸ್ಟೂಲಿನ ಮೇಲೆ ಕುಳಿತರು.

ಕಥೆ ಹೇಳುವವನು ಅವರ ತಂಗಿಯ ಮಗ. ಅಂದು ಹಲ್ಲು ಕೀಳಿಸಿಕೊಂಡು ನೇರವಾಗಿ ಇಲ್ಲಿಗೆ ಬಂದಿದ್ದ. ಇಂಜೆಕ್ಷನ್ನಿಗೆ ಕೆಳತುಟಿ ಜೋತುಬಿದ್ದು, ಮೇಲ್ತುಟಿಯ ಜೊತೆ ಮಾತು ಬಿಟ್ಟಿತ್ತು; ತುಟಿ ಕೂಡಿಸಿ ಆಡುವ ಪ, ಬ, ಮ ಯಾವುದೂ ಹೊರಡುತ್ತಿರಲಿಲ್ಲ.

"ಗುಹೆಯೊಳಗೆ ಕೂತಿದ್ದಾನೆ ಯಂತ್ರವಾದಿ," ಎಂದ.

ರಿಪೇರಿಯವನ ಕಿವಿ ನೆಟ್ಟಗಾಯಿತು. "ಇಷ್ಟು ದಿನ ಮಂತ್ರವಾದಿ ಇದ್ದನಲ್ಲಪ್ಪ?"

"ಅದೇ ಹೇಳಿದ್ದು. ಯಂತ್ರ ಅಲ್ಲ, ಯಂತ್ರ."

"ಸರಿ, ಯಂತ್ರ. ಆಡಿದ ಮಾತು ಆಡಿದ್ದೇ."

ತಂಗಿಯ ಮಗ ಬೆವರೊರೆಸಿಕೊಂಡ. "ಯೋಧನನ್ನ ಹಿಡಿದಿಟ್ಟಿದ್ದಾನೆ. ಯಂತ್ರನಿದ್ದೆ."

"ಯಂತ್ರದೊಳಗೆ ನಿದ್ದೆ ಅಂದ್ರೆ ಫ್ರಿಜ್ಜೇ," ಎಂದು ರಿಪೇರಿಯವನು ತೀರ್ಪು ಕೊಟ್ಟ. "ಯಜಮಾನ್ರು ಕೆಟ್ಟಿಲ್ಲ ದೊಡ್ಡಮ್ಮ, ತಣ್ಣಗಿದ್ದಾರೆ. ಬಾಗಿಲು ಆಗಾಗ ತೆಗೀಬಾರದು ಅಷ್ಟೆ. ಕಂಪ್ರೆಸರ್ ನಾನು ನೋಡ್ಕೋತೀನಿ."

"ಈ ಕಥೇಲಿ ನೀನು ರಾಜಕುಮಾರ ಅಲ್ವೇನಪ್ಪ?" ಎಂದರು ದೊಡ್ಡಮ್ಮ.

"ರಾಜಕುಮಾರನಿಗೂ ಒಂದು ಕಸುಬು ಬೇಡ್ವಾ?"

ಕಥೆ ಕೈತಪ್ಪಿ ಹೋಗುತ್ತಿರುವುದನ್ನು ಕಂಡು ತಂಗಿಯ ಮಗ ಕೊನೆಯ ಅಸ್ತ್ರ ತೆಗೆದ. "ಹೊರಗೆ ಡ್ರ್ಯಾಗನ್. ಕೆಂಡ ಕಾರುತ್ತೆ."

"ತಲೆಕೆಳಗು ಮಾಡಿ ಫ್ರಿಜ್ಜಿಗೆ ಕಟ್ಟೋಣ. ಆಗ ಅದೇ ರಾಕೆಟ್ಟು."

ಕಟ್ಟಲಾಗುವುದೋ ಇಲ್ಲವೋ ಎಂದು ದಾಳ ಹಾಕಿದವರು ದೊಡ್ಡಮ್ಮ. ಆರು ಬಿತ್ತು. ಡ್ರ್ಯಾಗನ್ ತೆಪ್ಪಗೆ ಕಟ್ಟಿಸಿಕೊಂಡಿತು.

"ಈಗ ಯಜಮಾನ್ರನ್ನ ಎಬ್ಬಿಸೋಣ್ವಾ?" ಎಂದು ರಿಪೇರಿಯವನು ಮೆಲ್ಲಗೆ ಕೇಳಿದ.

ದೊಡ್ಡಮ್ಮ ಗುಂಡಿಯನ್ನು ನೋಡಿದರು. ದೇವರ ಕೆಲಸವನ್ನು ಕಂಪ್ರೆಸರಿಗೆ ವಹಿಸಲು ಮನಸ್ಸು ಒಪ್ಪಲಿಲ್ಲ.

"ಬೇಡಪ್ಪ. ಬಸ್ಸು ಹತ್ತಿದ ಕೂಡಲೇ ಗೊರಕೆ ಹೊಡೆಯೋ ಜೀವ ಅದು. ಇಳಿಯೋ ಜಾಗ ಬಂದಾಗ ದೇವರೇ ಎಬ್ಬಿಸ್ತಾನೆ. ಕಿಟಕಿ ಪಕ್ಕ ಕೂರಿಸಿ, ಸಾಕು."

ಹಾಗೆಂದು ಎರಡು ಬೆರಳಲ್ಲಿ ಗುಂಡಿಯನ್ನು ಎತ್ತಿದರು. ರಿಪೇರಿಯವನು ಕೆನ್ನೆ ಉಬ್ಬಿಸಿ ಬುಸುಗುಟ್ಟಿದ. ಗುಂಡಿ ರಾಜ್ಯ ದಾಟಿತು, ತಂಗಿಯ ಮಗನ ಜೋತ ತುಟಿ ದಾಟಿತು, ಬಲ್ಬಿಗೆ ಒಂದು ಸುತ್ತು ಹಾಕಿ ದೊಡ್ಡಮ್ಮನ ಕೈಚೀಲದೊಳಗೆ ಇಳಿಯಿತು.

"ಗುಂಡಿ ಎದ್ದರೆ ಯೋಧ ಸತ್ತ..." ಎಂದು ತಂಗಿಯ ಮಗ ಶುರುಮಾಡಿದ.

"ಎಲ್ಲಿ ಸತ್ತರು? ಪ್ರಯಾಣದಲ್ಲಿದ್ದಾರೆ. ಎಲ್ಲಿ, ನಾನು ತಪ್ಪು ಅಂತ ಹೇಳು ನೋಡೋಣ," ಎಂದ ರಿಪೇರಿಯವನು. ಆ 'ತಪ್ಪು' ಎಂಬ ಮಾತಿಗೆ ತಂಗಿಯ ಮಗನ ತುಟಿ ಎಷ್ಟು ಹೆಣಗಿದರೂ ಕೂಡಲಿಲ್ಲ.

ದೊಡ್ಡಮ್ಮ ಎದ್ದು ಚೀಲದ ಜಿಪ್ಪು ಎಳೆದರು.

"ಮನೆ ಮುಟ್ಟೋವರೆಗೂ ತೆಗೆಯಲ್ಲಪ್ಪ," ಎಂದರು, "ತಣ್ಣಗಿರಲಿ."