ಇನ್ನೊಂದು ಸಲ ಎನ್ನದ ಕ್ರೆಸ್ಟನ್

ನನ್ನ ಗಂಡ ಕ್ರೆಸ್ಟನ್ ಮದುವೆಗಳ ವೀಡಿಯೋ ತೆಗೆಯುತ್ತಿದ್ದ. ಆದರೆ ಯಾವ ಮದುಮಗಳಿಗೂ "ಇನ್ನೊಂದು ಸಲ ನಗು" ಎಂದವನಲ್ಲ. ಡೆನ್ಮಾರ್ಕಿನ ನಮ್ಮ ಈ ಮೊರ್ಸ್ ದ್ವೀಪದಲ್ಲಿ ಅವನ ಮೊಂಡುತನ ಎಲ್ಲರಿಗೂ ಗೊತ್ತು. ಕ್ಯಾಮೆರಾ ಹೊತ್ತು ಹೊತ್ತು ಬಲಕ್ಕೆ ವಾಲಿದ ನಡಿಗೆ, ಚರ್ಚಿಗೂ ಊಟಕ್ಕೂ ಅದೇ ಕಂದು ಕೋಟು, ಬಾಯಲ್ಲಿ ಜ್ಯೇಷ್ಠಮಧುವಿನ ಉಪ್ಪು ಮಿಠಾಯಿ. ಅದನ್ನೂ ಅಗಿಯುತ್ತಿರಲಿಲ್ಲ, ಸದ್ದು ವೀಡಿಯೋದಲ್ಲಿ ಸೇರೀತೆಂದು ಚೀಪುತ್ತಿದ್ದ.

ನಮ್ಮಲ್ಲಿ ಮದುಮಕ್ಕಳು ಕುಣಿಯುವಾಗ ನೆಂಟರೆಲ್ಲ ಸುತ್ತ ನಿಂತು, ಚಪ್ಪಾಳೆ ತಟ್ಟುತ್ತ, ಹೆಜ್ಜೆ ಹೆಜ್ಜೆಗೂ ಒತ್ತಿ ಬಂದು, ಕೊನೆಗೆ ಇಬ್ಬರೂ ಅಲುಗಾಡದ ಹಾಗೆ ಮಾಡುತ್ತಾರೆ. ಕ್ರೆಸ್ಟನ್ ಆ ನೂಕಾಟದ ಒಳಗೇ ಇರುತ್ತಿದ್ದ. ಸಿಡ್ಸೆಲ್ ಎಂಬ ಹುಡುಗಿಯ ಮದುವೆಯಲ್ಲಿ ಕುಣಿತ ಮುಗಿದ ಮೇಲೆ ನೋಡಿದರೆ, ಚಿತ್ರದ ತುಂಬ ಅವಳ ಸೋದರಮಾವನ ಬೆನ್ನು.

"ಎಲ್ಲರನ್ನೂ ಹಿಂದೆ ಸರಿಸಿ. ಇನ್ನೊಂದು ಸಲ ಕುಣೀತೀವಿ," ಎಂದಳು.

"ಕುಣಿದಾಯ್ತಲ್ಲಮ್ಮ. ನಿನ್ನ ಮಾವನ ಬೆನ್ನೂ ಮದುವೆಗೆ ಬಂದಿತ್ತು," ಎಂದು ಇವನು ಕ್ಯಾಮೆರಾಕ್ಕೆ ಮುಚ್ಚಳ ಹಾಕಿದ.

ಆಮೇಲೆ ಕರೆಯುವವರು ಕಡಿಮೆಯಾದರು. ಅವನು ಬದಲಾಗಲಿಲ್ಲ. ಈ ಚಳಿಗಾಲದಲ್ಲಿ ಸತ್ತ.

ಈಗ ನಮ್ಮ ಮಗಳು ಮಾರೆನ್ ಮದುವೆ. ವೀಡಿಯೋಕ್ಕೆ ಅವಳು ಪಟ್ಟಣದವನೊಬ್ಬನನ್ನು ಗೊತ್ತು ಮಾಡಿದ್ದಳು. ಅವನದು ಸಿನಿಮಾ ರೀತಿ: ಯಾರ ಮಾತೂ ಕೇಳಿಸದು, ಬರೀ ಸಂಗೀತ, ಕುಣಿತದ ಸುತ್ತ ಹಗ್ಗ, ನೆಂಟರು ಹಗ್ಗದಾಚೆ.

"ಹಗ್ಗ ಕಟ್ಟೋಕೆ ನಾವೇನು ದನಗಳಾ?" ಎಂದೆ.

"ವೀಡಿಯೋ ಚೆನ್ನಾಗಿ ಬರ್ಬೇಕಲ್ಲಮ್ಮ."

"ಬರ್ಲಿ. ನಾನು ಮಾತ್ರ ಹಗ್ಗ ದಾಟಿ ಬರೋಳೇ."

"ಅಪ್ಪ ಹೋದ, ಹಠ ಇಲ್ಲೇ ಬಿಟ್ಟು ಹೋದ," ಎಂದು ಬೈದಳು. ಬೈಯುತ್ತಲೇ ಆ ಪಟ್ಟಣದವನಿಗೆ ಫೋನು ಮಾಡಿ ಹಗ್ಗ ಬೇಡವೆಂದಳು. ಹಾಗಾದರೆ ತಾನು ಬರುವುದಿಲ್ಲ ಎಂದನಂತೆ. ಮಾರೆನ್ ಎದ್ದು ಹೋಗಿ, ಅಪ್ಪನ ಕ್ಯಾಮೆರಾ ತಂದು ನನ್ನ ಮುಂದಿಟ್ಟಳು.

"ನೀನೇ ಹಿಡಿ. ಅಳ್ಬೇಡ ಮಾತ್ರ, ಕೈ ನಡುಗುತ್ತೆ."

"ನಡುಗ್ಲಿ," ಎಂದೆ.

ಚಂದವಾಗಿ ಹಿಡಿಯುವವರು ಬೇಕಾದಷ್ಟು ಸಿಗುತ್ತಾರೆ. ಅವರು ದೂರ ನಿಲ್ಲುತ್ತಾರೆ. ಕ್ರೆಸ್ಟನ್‌ನಂಥವರು ಜನರ ನಡುವೆ ನಿಂತು, ಮೊಣಕೈಯ ತಿವಿತ ತಿಂದು, ನಡೆದದ್ದನ್ನು ನಡೆದ ಹಾಗೆಯೇ ಉಳಿಸುತ್ತಾರೆ. ಅಂಥವರು ಸತ್ತ ಮೇಲೆ ಅವರು ನಿಂತ ಜಾಗವನ್ನು ಖಾಲಿ ಬಿಡಬಾರದು. ಬಿಟ್ಟರೆ ಅಲ್ಲಿ ಹಗ್ಗ ಬರುತ್ತದೆ.