ಕತ್ತರಿಯ ತೂಕ

ನನಗೆ ಟೀ ಹುಚ್ಚು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಶುದ್ಧ ಸುಳ್ಳು. ಎರಡು ಕಿಡ್ನಿಯೂ ಕೈಕೊಟ್ಟು ಮೂರು ವರ್ಷವಾಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ನಾಲ್ಕು ಗಂಟೆ ಮಲಗುತ್ತೇನೆ. ಕುಡಿದ ನೀರು ಮೈಯಿಂದ ಹೊರಗೆ ಹೋಗಲು ಬೇರೆ ದಾರಿಯಿಲ್ಲ. ಹಾಗಾಗಿ ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ಏನೂ ಒಳಗೆ ಇಳಿಯಕೂಡದು. ಮಾತ್ರೆ ನುಂಗುವುದಕ್ಕೇ ಅದರಲ್ಲಿ ಅರ್ಧ ಖರ್ಚಾಗುತ್ತದೆ.

ಆದರೆ ನನ್ನ ಹೊಲಿಗೆ ಅಂಗಡಿಯ ಪಕ್ಕ ಒಬ್ಬ ಜೆರಾಕ್ಸಿನವನಿದ್ದಾನೆ, ಅವನ ಪಕ್ಕ ಒಬ್ಬ ವಾಚ್ ರಿಪೇರಿಯವನು. ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕೂಗುತ್ತಾರೆ: "ಮಾಸ್ಟ್ರೇ, ಬನ್ರೀ, ಟೀ ಬಂತು!" ಹೆಂಡತಿ ತೀರಿಕೊಂಡ ಮೇಲೆ ಇಡೀ ದಿನದಲ್ಲಿ ನನ್ನನ್ನು ಕರೆಯುವವರು ಎಂದರೆ ಅವರಿಬ್ಬರೇ. ಗಿರಾಕಿಗಳು ಬಟ್ಟೆಯನ್ನು ಕೇಳಿಕೊಂಡು ಬರುತ್ತಾರೆ, ನನ್ನನ್ನಲ್ಲ. ಕಾಯಿಲೆಯ ಸುದ್ದಿ ಎತ್ತದೆ, ಸುಮ್ಮನೆ ಬೇಡ ಎಂದು ಎರಡು ದಿನ ಹೇಳಿ ನೋಡಿದೆ. ಮೂರನೆಯ ದಿನ ಕೂಗೇ ಇಲ್ಲ. ಗೋಡೆಯಾಚೆಯಿಂದ ನಗು ಮಾತ್ರ ಕೇಳಿತು. ನಾಲ್ಕನೆಯ ದಿನ ನಾಚಿಕೆ ಬಿಟ್ಟು ನಾನೇ ಹೋಗಿ ಕೂತು, "ನಂಗೂ ಒಂದು ಹೇಳ್ರಪ್ಪಾ" ಎಂದೆ.

ಡಯಾಲಿಸಿಸ್‌ಗೆ ಮುಂಚೆಯೂ ಮುಗಿದ ಮೇಲೂ ತೂಕ ನೋಡುತ್ತಾರೆ. ಐವತ್ತೆಂಟು ಕಿಲೋಗಿಂತ ಮೇಲೆ ಎಷ್ಟಿದೆಯೋ ಅಷ್ಟೂ ನೀರು ಎಂದರ್ಥ, ಅಷ್ಟನ್ನು ಯಂತ್ರ ಎಳೆಯುತ್ತದೆ. ನನ್ನ ಜಾಕೆಟ್ಟಿನ ಜೇಬಿನಲ್ಲಿ ದೊಡ್ಡ ಕತ್ತರಿ ಇರುತ್ತದೆ, ಜೊತೆಗೆ ಬಟ್ಟೆ ಜಾರದಂತೆ ಮೇಲಿಡುವ ಕಬ್ಬಿಣದ ತುಂಡು. ಅಂಗಡಿಯಲ್ಲಿ ಬಿಟ್ಟುಬರಲು ಜೀವ ಒಪ್ಪುವುದಿಲ್ಲ. ನರ್ಸಮ್ಮ ಒಮ್ಮೆ ಎರಡನ್ನೂ ತೂಗಿ, ಸರಿಯಾಗಿ ಒಂದು ಕಿಲೋ ಎಂದು ನಕ್ಕಿದ್ದಳು. ಅಂದಿನಿಂದ ತೆಗೆದಿಡುವ ಗೋಜಿಲ್ಲ.

"ಕತ್ತರಿ ಇದ್ಯಾ ಮಾಸ್ಟ್ರೇ?"

"ಇದೆ ಕಣಮ್ಮಾ."

ಒಂದು ಕಿಲೋ ಕಳೆದು ಬರೆಯುತ್ತಿದ್ದಳು.

ಒಂದು ದಿನ ಎರಡನ್ನೂ ಅಂಗಡಿಯಲ್ಲೇ ಮರೆತಿದ್ದೆ. ಅವಳು ಕೇಳಿದಾಗ ಬಾಯಿ ಅಭ್ಯಾಸಬಲದಿಂದ "ಇದೆ" ಎಂದುಬಿಟ್ಟಿತು. ತಿದ್ದಬಹುದಿತ್ತು. ಆದರೆ ಹಾಳೆಯ ಮೇಲಿಂದ ನನ್ನ ಟೀ ಮಾಯವಾಗಿದ್ದು ನೋಡಿ ಹಾಯೆನಿಸಿತು. ಆ ಒಂದು ಕಿಲೋ ನೀರನ್ನು ಯಂತ್ರ ಎಳೆಯದೆ ಮೈಯಲ್ಲೇ ಬಿಟ್ಟಿತು. ಆಮೇಲೆ ಬೇಕೆಂದೇ ಮರೆಯತೊಡಗಿದೆ.

ಹಾಳೆಗೆ ಅಷ್ಟು ಹೆದರಿಕೆ ಏಕೆಂದರೆ ನನ್ನ ಅಕ್ಕ. ತನ್ನ ಒಂದು ಕಿಡ್ನಿ ನನಗೆ ಕೊಡುವವಳು ಅವಳೇ. ಡಯಾಲಿಸಿಸ್ ಮುಗಿದು ಚಪ್ಪಲಿ ಮೆಟ್ಟುವಷ್ಟರಲ್ಲಿ ಫೋನು.

"ತೂಕ ಎಷ್ಟು?"

"ಐವತ್ತೆಂಟು."

"ಹ್ಞೂ, ಸರಿ."

ಇಟ್ಟುಬಿಡುತ್ತಿದ್ದಳು. ಅಕ್ಕರೆ ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು, ಮೈಯೊಳಗಿನದನ್ನೇ ಕೊಡುವವಳು. ಅವಳ ಪರೀಕ್ಷೆಗಳೆಲ್ಲ ಮುಗಿದಿದ್ದವು. ಉಳಿದದ್ದು ನನ್ನ ಹೃದಯದ ಪರೀಕ್ಷೆ ಒಂದೇ.

ಐದು ತಿಂಗಳಲ್ಲಿ ಕಾಲು ಊದಿತು. ಆಸ್ಪತ್ರೆಯ ಮೆಟ್ಟಿಲು ಹತ್ತಲು ನಡುವೆ ಎರಡು ಸಲ ನಿಲ್ಲುವಂತಾಯಿತು. ಏದುಸಿರಿಗೆ ಬಟ್ಟೆಯ ಧೂಳು ಕಾರಣ ಎಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ಪರೀಕ್ಷೆಯ ದಿನ ಅಕ್ಕನೂ ಬಂದಿದ್ದಳು. ಹೃದಯದ ಡಾಕ್ಟರು ಪರದೆ ನೋಡಿದರು, ಹಾಳೆ ನೋಡಿದರು, ಮತ್ತೆ ಪರದೆ ನೋಡಿದರು.

"ತೂಕ ಸರಿಯಾಗೇ ಇದೆ. ಅಂದ್ರೆ ಮೈಯಲ್ಲಿ ಹೆಚ್ಚಿನ ನೀರಿಲ್ಲ. ಆದ್ರೂ ಹೃದಯ ಊದಿದೆ. ಹೃದಯದ ಶಕ್ತಿನೇ ಕುಗ್ಗಿರ್ಬೇಕು. ಇದನ್ನಿಟ್ಕೊಂಡು ಆಪರೇಷನ್ ಮಾಡಕ್ಕಾಗಲ್ಲ."

ಅಕ್ಕ ಹೊಟ್ಟೆಯ ಬದಿಗೆ ಕೈ ಒತ್ತಿ ಹಿಡಿದಳು. "ಹಾಗಾದ್ರೆ ನಂದು ಬೇಡ್ವಾ ಡಾಕ್ಟ್ರೇ?"

ಆ ದನಿ ಕೇಳಿದ ಮೇಲೆ ಮುಚ್ಚಿಡಲಾಗಲಿಲ್ಲ.

"ಕತ್ತರಿ ಇರ್ಲಿಲ್ಲ ಡಾಕ್ಟ್ರೇ" ಎಂದೆ.

"ಯಾವ ಕತ್ತರಿ?" ಅವರು ಗಾಬರಿಯಿಂದ ನನ್ನ ಹೊಟ್ಟೆ ನೋಡಿದರು. ಯಾರೋ ಹಿಂದೆ ಆಪರೇಷನ್ ಮಾಡಿ ಒಳಗೆ ಬಿಟ್ಟಿದ್ದಾರೆ ಎಂದುಕೊಂಡಿರಬೇಕು.

ಎಲ್ಲ ಹೇಳಿದೆ. ತಲೆ ಎತ್ತಲಾಗಲಿಲ್ಲ. ಡಾಕ್ಟರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ನನ್ನ ಕಡೆ ತಿರುಗಿದಳು.

"ಟೀಗೋಸ್ಕರ ಸಾಯಕ್ಕೆ ಹೊರಟಿದ್ಯೇನೋ ಮುಠ್ಠಾಳ?"

"ಅವರು ಕರೀತಾರೆ ಕಣೇ" ಎಂದೆ. "ಬೇಡ ಅಂದ್ರೆ ಕರೆಯಲ್ಲ."

ಅವಳು ಮತ್ತೆ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ನೀರು ಇಳಿಸಿಕೊಂಡು ಬರಲು ಡಾಕ್ಟರು ಎಂಟು ವಾರ ಕೊಟ್ಟರು. ಇಷ್ಟು ದಿನ ಕೂಡಿಟ್ಟ ನೀರನ್ನು ಯಂತ್ರ ಎಳೆಯುವಾಗ ಮೀನಖಂಡ ಹಿಡಿದುಕೊಂಡು ನಾನು ಕಿರುಚಿದ್ದೂ ಉಂಟು. ಜೆರಾಕ್ಸಿನವನಿಗೆ ನಿಜ ಹೇಳಿದೆ. ಪಾಪ, ಒಳ್ಳೆಯವನು. "ಅಯ್ಯೋ, ಮುಂಚೇನೇ ಹೇಳ್ಬಾರ್ದಾ? ಇನ್ಮೇಲೆ ನಿಮ್ಮ ಎದುರಿಗೆ ಕುಡಿಯೋದೇ ಇಲ್ಲ ಬಿಡಿ" ಎಂದ. ಮಾತಿಗೆ ತಪ್ಪಲಿಲ್ಲ. ಇಬ್ಬರೂ ಮೆಟ್ಟಿಲು ಬಿಟ್ಟು ಬೀದಿಯ ಆ ತುದಿಗೆ ಹೋಗಿ ಕುಡಿಯತೊಡಗಿದರು. ಈಗ ನಗುವೂ ಕೇಳುತ್ತಿರಲಿಲ್ಲ. ಹನ್ನೊಂದಾಗುತ್ತಿದ್ದಂತೆ ಮೆಷಿನ್ನನ್ನು ಜೋರಾಗಿ ತುಳಿಯುತ್ತಿದ್ದೆ. ಅಷ್ಟು ಒಂಟಿತನ ಹೆಂಡತಿ ಹೋದ ತಿಂಗಳಲ್ಲೂ ನನಗೆ ಬಂದಿರಲಿಲ್ಲ.

ಎಂಟನೆಯ ವಾರ ಹೃದಯದ ಊತ ಇಳಿದಿತ್ತು. ಶಕ್ತಿಗೇನೂ ಮೋಸವಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅಕ್ಕನಿಗೆ ಫೋನು ಮಾಡಿ ಹೇಳಿದೆ. "ಹ್ಞೂ" ಎಂದವಳೇ ಇಟ್ಟಳು. ನಾನು ಅಂಗಡಿಗೆ ಹೋಗಿ ಕೆಲಸಕ್ಕೆ ಕೂತೆ.

ಮಧ್ಯಾಹ್ನ ಬಾಗಿಲಲ್ಲಿ ನೆರಳು. ಎರಡು ಬಸ್ಸು ಬದಲಿಸಿ ಅಕ್ಕ ಬಂದಿದ್ದಳು. ನನ್ನ ಅಂಗಡಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಸುತ್ತ ನೋಡಿದಳು. ಈ ಸಲ ತೂಕ ಎಷ್ಟೆಂದು ಕೇಳಲಿಲ್ಲ.

"ಏನೋ ಹೊಲೀತಿದ್ದೀಯ?" ಎಂದಳು ಕೊನೆಗೆ.

"ಪ್ಯಾಂಟು."

"ಯಾರದು?"

ಯಾರದೆಂದು ಹೇಳಲು ಬಾಯಿ ತೆರೆದೆ. ಅಳು ಬಂದುಬಿಟ್ಟಿತು.